ಮಾನಪ್ಪ ಕಾಯ್ದ ಬಾವಿ

ಗೆಳೆಯ ಮಾನಪ್ಪನಿಗೆ ಮೊನ್ನೆ ಮಣ್ಣು ಕೊಟ್ಟು ಬಂದೆವು. ಮುದನಾಳದಲ್ಲಿ ಎಲ್ಲರೂ ಅವನನ್ನು ‘ಮಿಡತಿ ಮಾನಪ್ಪ’ ಎನ್ನುತ್ತಿದ್ದರು.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷದ ಮಾತು. ಊರಿನ ಮೆಟ್ಟಿಲುಬಾವಿಗೆ ಮಿಡತೆಯೊಂದು ತಾನಾಗಿ ಹಾರಿ ಬಿದ್ದದ್ದನ್ನು, ಅದರ ಹೊಟ್ಟೆಯಿಂದ ಕುದುರೆಕೂದಲಿನಂಥ ಹುಳು ನುಲಿಯುತ್ತ ಹೊರಬಂದದ್ದನ್ನು ಅವನು ಕಂಡ. ನಮ್ಮ ಕಡೆ ಮನುಷ್ಯರ ಕಾಲಿನಿಂದಲೂ ದಾರದಂಥ ಹುಳು ಹೊರಡುತ್ತದೆ; ನಾರು ಎನ್ನುತ್ತೇವೆ. ಮಾನಪ್ಪನಿಗೆ ಎರಡೂ ಒಂದೇ ಆದವು. ಅಂದಿನಿಂದ ಹೊಲದ ಕೆಲಸ ಮುಗಿಸಿ ಬಂದು ಬಾವಿಯ ಮೆಟ್ಟಿಲ ಮೇಲೆ ಕೂತು, ನೀರಿಗೆ ಬೀಳುವ ಮೊದಲೇ ಮಿಡತೆ ಹಿಡಿಯತೊಡಗಿದ.

“ಮಿಡತಿ ಪಲ್ಯ ಮಾಡ್ತೀಯೇನು ಮಾವಾ?” ನೀರಿಗೆ ಬಂದ ನೆರೆಮನೆಯ ಬಸ್ಸಮ್ಮ ನಗುತ್ತಿದ್ದಳು.

“ನೀ ರೊಟ್ಟಿ ತಾ, ಪಲ್ಯ ನಾ ಕೊಡ್ತೀನಿ.”

ಎರಡೂ ಬೇರೆ ಹುಳು ಎಂದು ನಾನು ಓದಿದ್ದನ್ನು ಹೇಳಿದೆ. ಒಂದು ಮಿಡತೆಯ ಬುದ್ಧಿ ಕೆಡಿಸಿ ನೀರಿಗೆ ಹಾರಿಸುತ್ತದೆ. ನಾರು ಕಾಲಿಗೆ ಬೆಂಕಿಯಿಟ್ಟು ನೀರಿಗೆ ಎಳೆಯುತ್ತದೆ. ಕಾಲು ಅದ್ದಿದೊಡನೆ ಮರಿ ಬಿಡುತ್ತದೆ, ಆ ನೀರು ಕುಡಿದವರಿಗೆ ಮತ್ತೆ ನಾರು.

“ಎರಡೂ ನೀರಿಗೇ ಎಳೀತಾವಲ್ಲೋ ಮಾಸ್ತರ, ಮತ್ತೇನು ಫರಕು?” ಎಂದ.

ಈ ಬೇಸಿಗೆಯಲ್ಲಿ ಅವನ ಕಾಲಿಗೇ ಗುಳ್ಳೆ ಎದ್ದು ನಾರಿನ ತುದಿ ಕಂಡಿತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು. ಹರಿದರೆ ಕಾಲು ಕೊಳೆಯುತ್ತದೆ. ಹೆಂಡತಿ ಸುಗಲಮ್ಮ ಬಸುರಿ, ಕುಡಿಯುವುದು ಅದೇ ಬಾವಿಯ ನೀರು. ಅವಳು ಅವನ ಕಾಲಿಗೆ ಕೊಡಗಟ್ಟಲೆ ನೀರು ಸುರಿದಳು. ಉರಿ ಆರಲಿಲ್ಲ.

“ಲೇ ಮಾಸ್ತರ, ಕಾಲು ಬಾವಿಗಿ ಹೊಂಟದ, ನಾ ಅಲ್ಲ. ನನ್ನ ಕಂಬಕ್ಕ ಕಟ್ಟು.”

ಕಟ್ಟಿದೆ. ಜ್ವರ ಏರಿದ ಮಧ್ಯಾಹ್ನ ಹಗ್ಗ ಬಿಚ್ಚಿಕೊಂಡು ತೆವಳಿದ. ಕಡ್ಡಿ ಹೊಸ್ತಿಲಿಗೆ ಸಿಕ್ಕಿ ನಾರು ಹರಿಯಿತು. ನಾನೂ ಸುಗಲಮ್ಮನೂ ಅಂಗಳದಲ್ಲೇ ಹಿಡಿದೆವು. ಕಾಲು ಬಾತು ಕಪ್ಪಾಯಿತು. ಯಾದಗಿರಿಯ ದವಾಖಾನೆಗೆ ಹೋಗುವಾಗ ಗಾಡಿಯಲ್ಲಿ ಒಮ್ಮೆ ಕಣ್ಣು ಬಿಟ್ಟ.

“ನೀರಿಗಿ ಮುಟ್ಟಿಲ್ಲ ಹೌದಲ್ಲೋ?”

“ಮುಟ್ಟಿಲ್ಲೋ.”

ಆಮೇಲೆ ಕಣ್ಣು ತೆರೆಯಲಿಲ್ಲ.

ಮಣ್ಣು ಕೊಟ್ಟ ಮೇಲೆ ರೂಢಿಯಂತೆ ಎಲ್ಲರೂ ಕೈಕಾಲು ತೊಳೆಯಲು ಬಾವಿಗಿಳಿದರು. ಮಾನಪ್ಪನ ತಮ್ಮ ಅಮರಪ್ಪನ ಕಾಲಿಗೂ ನಾರು ಸುತ್ತಿದ ಕಡ್ಡಿ ಇತ್ತು. ಬೇಡವೆಂದು ಅವನ ತೋಳು ಹಿಡಿದೆ.

“ಮಸಣಕ್ಕ ಹೋದ ಕಾಲು ತೊಳೀದ ಮನಿಗಿ ಹ್ಯಾಂಗ ಹೋಗ್ಲಿರಿ ಮಾಸ್ತರ? ಬ್ಯಾರೆ ನೀರರೆ ಎಲ್ಲದ?”

ಕೈ ಬಿಟ್ಟೆ. ಅವನು ನೀರಿಗಿಳಿದು, ಹಾಯೆನಿಸಿತೇನೋ, ಕಣ್ಣು ಮುಚ್ಚಿದ. ಅವನ ಪಕ್ಕದಲ್ಲೇ ಬಸ್ಸಮ್ಮ ಸುಗಲಮ್ಮನ ಮನೆಗೆಂದು ಕೊಡ ತುಂಬಿಕೊಂಡಳು.