ಗಾಳಿ ಬಂತಾ?

ರೈಲಿನಲ್ಲಿ ಕೂತು ಮೊದಲ ಪುಟದಿಂದ ಸಾವಕಾಶವಾಗಿ ಪುಸ್ತಕ ಓದುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನಿಂದ ಅದು ಆಗುವುದಿಲ್ಲ. ಪತ್ತೇದಾರಿ ಕಾದಂಬರಿಯಾದರೆ ಮೊದಲು ಕೊನೆಯ ಅಧ್ಯಾಯ ತೆಗೆದು ಕೊಂದವರು ಯಾರೆಂದು ನೋಡಿಕೊಳ್ಳುತ್ತೇನೆ. ದೆವ್ವದ ಕಾದಂಬರಿಯಾದರೆ ದೆವ್ವ ನಿಜವೋ ಸುಳ್ಳೋ ಎಂದು. ಆಮೇಲೆ ಅಲ್ಲಿ ಇಲ್ಲಿ ಹಾರುತ್ತಾ ಹಿಂದಕ್ಕೆ ಬರುತ್ತೇನೆ. ಮಾರಿಕುಪ್ಪಂನಿಂದ ಹೊರಟ ಬೆಳಗಿನ ರೈಲು ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಅರ್ಧ ಪುಸ್ತಕ ಮುಗಿದಿರುತ್ತದೆ, ಅಥವಾ ಮುಗಿಯಿತೆಂದು ನಾನು ಅಂದುಕೊಂಡಿರುತ್ತೇನೆ.

ನಲವತ್ತು ದಾಟಿದ ಹೆಂಗಸು ಹದಿನಾರರ ಮಕ್ಕಳಿಗೆಂದು ಬರೆದ ದೆವ್ವದ ಕಥೆ ಓದುತ್ತಾಳೆಂದು ನನ್ನ ಗಂಡನಿಗೆ ಯಾವಾಗಲೂ ನಗು. ಓದುವುದಷ್ಟೇ ಅಲ್ಲ, ಅಂಥ ಪುಸ್ತಕಗಳಿಗೆಂದೇ ಇರುವ ಒಂದು ಆನ್‌ಲೈನ್ ಪುಟಕ್ಕೆ ವಿಮರ್ಶೆಯನ್ನೂ ಬರೆಯುತ್ತೇನೆ. ನಾನು ಕೆಲಸ ಮಾಡುವುದು ಬಂಗಾರಪೇಟೆಯ ಒಂದು ಔಷಧಿ ಅಂಗಡಿಯಲ್ಲಿ. ಗಿರಾಕಿಗಳ ನಡುವೆ ಬಿಡುವು ಸಿಕ್ಕಾಗ ಫೋನಿನಲ್ಲೇ ಬರೆದು ಕಳಿಸುತ್ತೇನೆ. ನನ್ನ ಬರಹಕ್ಕೆ ಒಂದಿಷ್ಟು ಹೆಸರೂ ಇತ್ತು. ಚುಚ್ಚಿ ಬರೆಯುತ್ತೇನೆ ಎಂಬುದೇ ಆ ಹೆಸರು.

ಹೋದ ವರ್ಷ ಒಂದು ತೆಳು ಕಾದಂಬರಿ ಬಂತು. ಹತ್ತೊಂಬತ್ತು ವರ್ಷದ ಹುಡುಗಿಯ ಮೊದಲ ಪುಸ್ತಕ. ಊರಿನ ಹೆಸರಿರಲಿಲ್ಲ, ಆದರೆ ಮುಚ್ಚಿದ ಚಿನ್ನದ ಗಣಿ, ಗಣಿ ಕೆಲಸಗಾರರ ಸಾಲು ಸಾಲು ಲೈನ್ ಮನೆ, ನಾವು ಇರುವ ನಂದಿದುರ್ಗ ಗಣಿಯ ಕಾಲೋನಿಯ ಹಾಗೆಯೇ. ಕಥೆಯ ಹುಡುಗಿಯ ಮನೆ ಬಾಗಿಲಿಗೆ ಸತ್ತುಹೋದ ತಾತ ದಿನವೂ ಬಂದು ನಿಲ್ಲುತ್ತಾನೆ. ತಲೆ ಮೇಲೆ ಗಣಿಯ ಟೋಪಿ, ಬಾಯಲ್ಲಿ ಒಂದೇ ಮಾತು: "ಗಾಳಿ ಇಲ್ಲ."

ನಾನು ಹುಟ್ಟಿದ್ದು ಬೇತಮಂಗಲದ ಪಕ್ಕದ ಹಳ್ಳಿಯಲ್ಲಿ. ದೆವ್ವದ ಮಾತು ಬಂದಾಗ ನಮ್ಮಲ್ಲಿ ಗಾಳಿ ಎಂದರೆ ಒಂದೇ ಅರ್ಥ. ಮಗುವಿಗೆ ಜ್ವರ ಬಿಡದಿದ್ದರೆ ಗಾಳಿ ಸೋಕಿದೆ ಅನ್ನುತ್ತಾರೆ, ಹುಣಸೆ ಮರದ ಕೆಳಗೆ ಹೋದರೆ ಗಾಳಿ ಹಿಡಿಯುತ್ತದೆ ಅನ್ನುತ್ತಾರೆ. ಹಾಗಾಗಿ ನನಗೆ ಆ ಮಾತು ಓದಿದ ಕೂಡಲೇ ನಗು ತಡೆಯಲಾಗಲಿಲ್ಲ. ರೈಲು ಇಳಿಯುವ ಮೊದಲೇ ಬರೆದೆ: "ದೆವ್ವವೇ ಬಾಗಿಲಿಗೆ ಬಂದು ದೆವ್ವ ಇಲ್ಲ ಎಂದು ಸಾರುವ ಕಾದಂಬರಿ ಇದೊಂದೇ ಇರಬೇಕು. ಲೇಖಕಿ ದೆವ್ವದ ಮಾತು ನಂಬಿ ಅಲ್ಲಿಗೇ ನಿಲ್ಲಿಸಿದ್ದರೆ ಓದುಗರು ಬದುಕಿಕೊಳ್ಳುತ್ತಿದ್ದರು."

ಜನ ಬಿದ್ದು ಬಿದ್ದು ನಕ್ಕರು. ಆ ಎರಡು ಸಾಲನ್ನೇ ಕತ್ತರಿಸಿ ಎಲ್ಲೆಲ್ಲೋ ಹಂಚಿದರು. ನಾನು ಮಾತ್ರೆ ಎಣಿಸಿ ಕೊಡುವ ನಡುವೆ ಹತ್ತು ಸಲ ಫೋನ್ ನೋಡುತ್ತಿದ್ದೆ, ಸುಳ್ಳೇಕೆ ಹೇಳಲಿ.

ಮೂರನೆಯ ದಿನ ಆ ಹುಡುಗಿಯ ಸಂದೇಶ ಬಂತು. "ಮೇಡಂ, ಮೂರನೇ ಅಧ್ಯಾಯ ಓದಿದ್ರಾ? ಹೋಗ್ಲಿ ಬಿಡಿ. ಎರಡನೇ ಭಾಗ ಅರ್ಧ ಬರೆದಿದ್ದೆ. ನೀವು ಹೇಳಿದ ಹಾಗೆ ಇಲ್ಲಿಗೇ ನಿಲ್ಲಿಸ್ತೀನಿ."

ನನಗೆ ಮೊದಲು ಬಂದದ್ದು ಸಿಟ್ಟು. ಪುಸ್ತಕ ಬರೆದ ಮೇಲೆ ನಾಲ್ಕು ಮಾತು ಕೇಳುವಷ್ಟು ಎದೆ ಬೇಡವೇ? ಉತ್ತರ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಮಾಡಿದೆ. ಮೂರನೆಯ ಅಧ್ಯಾಯ ನಾನು ಓದಿರಲಿಲ್ಲ. ಈಗ ಓದಲು ಧೈರ್ಯವೂ ಇರಲಿಲ್ಲ. ವಾರವೆಲ್ಲ ಕೂತಲ್ಲಿ ಕೂರಲಾಗಲಿಲ್ಲ. ರೈಲಿನಲ್ಲಿ ಸೀಟು ಸಿಕ್ಕರೂ ಬಾಗಿಲ ಬಳಿ ನಿಂತೇ ಹೋಗಿಬರುತ್ತಿದ್ದೆ. ಗ್ಯಾಸ್ ಮಾತ್ರೆ ಕೇಳಿದವರಿಗೆ ಕೆಮ್ಮಿನ ಸಿರಪ್ ಎತ್ತಿಕೊಟ್ಟು ಯಜಮಾನರಿಂದ ಬೈಸಿಕೊಂಡೆ.

ಭಾನುವಾರ ಮಧ್ಯಾಹ್ನ, ಮನೆಯಲ್ಲಿ ಒಬ್ಬರಾದರೂ ನನ್ನ ಪರ ನಗಲಿ ಎಂದು, ವಿಮರ್ಶೆಯನ್ನು ನನ್ನ ಮಾವನಿಗೆ ಓದಿ ಹೇಳಿದೆ. ಮಾವ ಗಣಿಯಲ್ಲಿ ದುಡಿದವರು. ಕಲ್ಲಿನ ಧೂಳು ಎದೆಯಲ್ಲಿ ಕೂತು ಈಗ ಮಂಚ ಬಿಟ್ಟು ಏಳುವುದು ಕಡಿಮೆ. ಅವರದೊಂದು ಮಾತಿತ್ತು. ದಿನವೂ ಎದ್ದ ತಕ್ಷಣ, ಕೆಮ್ಮಿನ ಮಧ್ಯೆ, "ಗಾಳಿ ಬಂತಾ?" ಎಂದು ಕೇಳುತ್ತಿದ್ದರು. ಜೊತೆಗಾರರು ಎಷ್ಟೋ ಮಂದಿ ಕೆಳಗೇ ಸತ್ತಿದ್ದಾರೆ, ಹೆದರುತ್ತಾರೆ ಪಾಪ ಎಂದು ನಾನು ಮಂಚದ ಪಕ್ಕದ ಕಿಟಕಿ ಎಳೆದು ಮುಚ್ಚಿ, "ಬರಲ್ಲ ಮಾವ, ನಾನಿದೀನಿ" ಅನ್ನುತ್ತಿದ್ದೆ. ತವರಿಗೆ ಹೋದಾಗ ಮಂತ್ರಿಸಿದ ಕಪ್ಪು ದಾರ ತಂದು ಅವರ ತೋಳಿಗೆ ಕಟ್ಟಿಯೂ ಇದ್ದೆ. ಅವರು ತೋಳು ಚಾಚಿದ್ದರು.

ನಾನು ಓದಿ ಮುಗಿಸಿ ನಕ್ಕೆ. ಮಾವ ನಗಲಿಲ್ಲ.

"ಅದ್ರಲ್ಲಿ ನಗೋದೇನೈತಮ್ಮಾ?" ಎಂದರು. "ಗಾಳಿ ಇಲ್ಲ ಅಂದ್ರೆ ಆಯಪ್ಪ ಉಸ್ರು ಕಟ್ಟಿ ಸತ್ತವ್ನೆ ಅಂತ."

"ಗಾಳಿ ಅಂದ್ರೆ ದೆವ್ವ ಅಲ್ವಾ ಮಾವ?"

"ನಿಮ್ಮೂರಲ್ಲಿ. ಕೆಳ್ಗಡೆ ಗಾಳಿ ಅಂದ್ರೆ ಗಾಳೀನೇ ಕಣಮ್ಮಾ. ಮೇಲಿಂದ ಪೈಪಲ್ಲಿ ಬರ್ಬೇಕು. ಇಳಿದ್ ತಕ್ಷಣ ಒಬ್ಬರ್ನೊಬ್ರು ಅದೇ ಕೇಳ್ತಿದ್ವಿ. ತಮಿಳೋರು 'ಕಾತ್ತು ವಂದುಚ್ಚಾ' ಅನ್ನೋರು, ನಾನು 'ಗಾಳಿ ಬಂತಾ' ಅಂತಿದ್ದೆ. ಈಗ್ಲೂ ಎದೆ ಕಟ್ಕೊಂಡ್ರೆ ಅದೇ ಬಾಯಿಗ್ ಬತ್ತದೆ."

ಕಿಟಕಿ ಆವತ್ತೂ ಮುಚ್ಚಿತ್ತು, ಬೆಳಿಗ್ಗೆ ನಾನೇ ಮುಚ್ಚಿದ್ದೆ. ಉಸಿರಿಗೆ ಗಾಳಿ ಕೇಳಿದ ಮನುಷ್ಯನಿಗೆ ಇಷ್ಟು ವರ್ಷ ಕಿಟಕಿ ಮುಚ್ಚಿದ್ದೆ.

"ಯಾಕೆ ಮುಚ್ತೀಯ ಅಂತ ಒಂದ್ಸಲನಾದ್ರೂ ಕೇಳ್ಬಾರ್ದಾಗಿತ್ತಾ?" ಎಂದೆ. ಕೇಳುವಾಗಲೇ ಅಳು ಬಂದುಬಿಟ್ಟಿತು.

"ಗಣಿ ಮಣ್ಣಿನ ಸೈನೈಡ್ ದಿಬ್ಬದ ಧೂಳು ಬತ್ತದೆ ಅಂತ ಮುಚ್ತೀಯ ಅಂದ್ಕಂಡಿದ್ದೆ. ನನ್ ಒಳ್ಳೇದಕ್ಕೇ ಮಾಡ್ತೀಯ ಅಂತ ಸುಮ್ನಿದ್ದೆ."

ಕಿಟಕಿ ತೆರೆದೆ. ದಾರ ಕತ್ತರಿಸಲು ಕತ್ತರಿ ತಂದರೆ, "ಇರ್ಲಿ ಬಿಡು, ಅದೇನ್ ಮಾಡ್ತದೆ" ಎಂದು ತೋಳು ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಮೂರನೆಯ ಅಧ್ಯಾಯ ಓದಿದೆ. ಬಂಡೆ ಕುಸಿದು ತಾತ ಸಿಕ್ಕಿಬಿದ್ದದ್ದು, ಪೈಪು ಒಡೆದದ್ದು, ಅವನ ಕೊನೆಯ ಮಾತು, ಎಲ್ಲ ಅಲ್ಲಿ ಬಿಡಿಸಿ ಬಿಡಿಸಿ ಬರೆದಿತ್ತು. ಆ ಹುಡುಗಿ ಏನನ್ನೂ ಮುಚ್ಚಿಟ್ಟಿರಲಿಲ್ಲ.

ಮಾರನೆಯ ದಿನ ಪುಟ ನಡೆಸುವವರಿಗೆ ಫೋನ್ ಮಾಡಿ ವಿಮರ್ಶೆ ತೆಗೆಯಿರಿ ಎಂದೆ. ಜನಕ್ಕೆ ಹಿಡಿಸಿದ್ದೇ ಆ ಸಾಲು, ಬೇಕಾದರೆ ಕೆಳಗೊಂದು ತಿದ್ದುಪಡಿ ಹಾಕೋಣ ಎಂದರು. ನಾನು ಜಗಳಕ್ಕೇ ನಿಂತ ಮೇಲೆ, ಅದರ ಜಾಗಕ್ಕೆ ಬೇರೆ ಬರೆದುಕೊಡಿ ಎಂದು ಒಪ್ಪಿದರು. ಬಂಗಾರಪೇಟೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು, ಒಂದು ರೈಲು ಬಿಟ್ಟು, ಹೊಸದಾಗಿ ಬರೆದೆ. ಪೂರ್ತಿ ಓದದೆ ಬರೆದೆ ಎಂದು ಮೊದಲ ಸಾಲಿನಲ್ಲೇ ಹೇಳಿದೆ. ಮಾವನ ಮಾತು, ಮುಚ್ಚಿದ ಕಿಟಕಿ, ಯಾವುದನ್ನೂ ಬಿಡಲಿಲ್ಲ. ಈ ಸಲ ಯಾರೂ ಹಂಚಲಿಲ್ಲ. "ಮೇಡಂಗೇ ಗಾಳಿ ಹಿಡಿದಿದೆ" ಎಂದು ಒಬ್ಬ ಬರೆದಿದ್ದ. ಹಿಡಿಯಬೇಕಾದದ್ದೇ.

ಹುಡುಗಿಗೆ ಬೇರೆಯಾಗಿಯೂ ಕಳಿಸಿ, ನಿಲ್ಲಿಸಬೇಡಮ್ಮಾ ಎಂದು ಕೇಳಿಕೊಂಡೆ. ಅವಳು ಓದಿದ್ದಾಳೆಂದು ಫೋನ್ ತೋರಿಸುತ್ತಿತ್ತು, ಅಷ್ಟೇ. ನನ್ನೆರಡು ಸಾಲಿನ ತಮಾಷೆಗೆ ಒಂದು ಪುಸ್ತಕ ಹುಟ್ಟುವ ಮೊದಲೇ ಹೋಯಿತಲ್ಲ ಎಂದು ಅದೇ ಯೋಚನೆ. ಕೆಲಸದಿಂದ ಬಂದು ಸಂಜೆ ಮಾವನಿಗೆ ಆ ಕಾದಂಬರಿಯನ್ನು ಮೊದಲ ಪುಟದಿಂದ ಓದತೊಡಗಿದೆ. ಕೊನೆ ಹೇಳಲೇ ಎಂದರೆ, "ಥೂ, ಅದ್ಯಾಕೆ ಈಗ್ಲೇ?" ಎಂದು ಗದರಿದರು. ನಾಲ್ಕು ಪುಟಕ್ಕೆ ನನ್ನ ಕಾಲು ಜೋಮು ಹಿಡಿಯುತ್ತಿತ್ತು, ಆದರೂ ಓದಿದೆ.

ಎರಡು ವಾರ ಕಳೆದ ಮೇಲೆ, ಅಂಗಡಿಯಲ್ಲಿರುವಾಗ ಫೋನ್ ಗುಂಯ್ ಎಂದಿತು. "ಮೇಡಂ, ನಿಮ್ಮ ಮಾವನ ಹತ್ರ ಒಂದು ಕೇಳ್ತೀರಾ? ಕೆಳಗೆ ಪೈಪಲ್ಲಿ ಗಾಳಿ ಬರುವಾಗ ಸದ್ದು ಹೇಗಿರ್ತಿತ್ತು? ಎರಡನೇ ಭಾಗದ ನಾಲ್ಕನೇ ಅಧ್ಯಾಯಕ್ಕೆ ಬೇಕು."

ಯಜಮಾನರಿಗೆ ಏನೋ ನೆಪ ಹೇಳಿ ಮೊದಲು ಸಿಕ್ಕ ಬಸ್ಸು ಹತ್ತಿದೆ. ಅವಳ ಹೊಸ ಪುಸ್ತಕಕ್ಕೆ ನಾಲ್ಕನೆಯ ಅಧ್ಯಾಯ ಇದೆ ಎಂಬುದನ್ನೇ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಮಾವ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಪ್ರಶ್ನೆ ಓದಿ ಹೇಳಿದೆ. ಅವರು ಹಲ್ಲು ಕಚ್ಚಿ ಬುಸ್ಸೆಂದು ಉಸಿರು ಬಿಡಲು ಹೋದರು, ಉಸಿರು ಸಾಲಲಿಲ್ಲ, ಕೆಮ್ಮು ಬಂತು. ನೀರು ಕೊಟ್ಟೆ. ಕೈ ಎತ್ತಿ ಇರು ಎಂದರು.

"ಸದ್ದು ಆಮೇಲೆ ಅಂತ ಹೇಳಮ್ಮಾ ಆ ಮಗೀಗೆ," ಎಂದರು. "ಮೊದ್ಲು ಕತ್ತಿನ್ ಹಿಂದೆ ತಣ್ಣಗಾಯ್ತದೆ. ಆಗ ಗಾಳಿ ಬಂತಾ ಅಂತ ಯಾರೂ ಕೇಳ್ತಿರ್ಲಿಲ್ಲ."

ಒಂದಕ್ಷರ ತಿದ್ದದೆ ಅದನ್ನೇ ಬರೆದು ಕಳಿಸಿದೆ.