ಇಗ್ವಾನಾದ ಒಂದೇ ಪ್ರತಿ

ನಾಫೆರ್ ಕಾಂತಿಯೊಗೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ತಲೆ ಕೆಟ್ಟದ್ದು ಎರಡು ಡಿಸ್ಕ್‌ಗಳ ದೆಸೆಯಿಂದ. ಬಂದರು ಪಟ್ಟಣ ಬರಾಂಕಿಯಾದ ಅವನ ಕೇರಿಯಲ್ಲಿ ಒಂದು ಕಾಲಕ್ಕೆ ಅವನ ಪಿಕೊ, ಅಂದರೆ ಬೀದಿ ಕುಣಿತಕ್ಕೆ ಹಾಡು ಹಾಕುವ ದೊಡ್ಡ ಸ್ಪೀಕರ್, ಶುರುವಾಯಿತೆಂದರೆ ಮೂರು ಬೀದಿಯಾಚೆಯ ತಗಡಿನ ಮಾಡುಗಳು ನಡುಗುತ್ತಿದ್ದವು. ಗೋಡೆಯೆತ್ತರದ ಸ್ಪೀಕರ್ ಪೆಟ್ಟಿಗೆ, ಮುಖದ ಮೇಲೆ ಬಾಯಿ ತೆರೆದ, ಉಡದಂಥ ಹಸಿರು ಇಗ್ವಾನಾದ ಚಿತ್ರ, ಹೆಸರೂ ಇಗ್ವಾನಾ ಎಂದೇ. ಬೇರೆ ಯಾವ ಪಿಕೊದಲ್ಲೂ ಸಿಗದ ಹಾಡು ಕೇಳಲೆಂದೇ ಜನ ಕುಣಿಯಲು ಬರುತ್ತಿದ್ದರು. ಹಡಗಿನ ಕೆಲಸಗಾರರ ಕೈಲಿ ಆಫ್ರಿಕದ ರೆಕಾರ್ಡು ತರಿಸಿಕೊಂಡರೆ ನಾಫೆರ್ ಮೊದಲು ಮಾಡುತ್ತಿದ್ದ ಕೆಲಸ, ಅದರ ಲೇಬಲ್ಲನ್ನು ಚಾಕುವಿನಿಂದ ಕೆರೆದು ಹಾಕುವುದು. ಹಾಡಿನ ಹೆಸರು ಗೊತ್ತಾದರೆ ಎದುರಾಳಿಯೂ ತರಿಸಿಕೊಂಡಾನಲ್ಲ.

ಅದೂ ಸಾಲದೆಂದು ಹಾಡಿನ ಮೇಲೆ ಹೆಂಡತಿ ಎದಿಲ್ಮಾಳ ದನಿ ಸೇರಿಸಿ ಟೇಪಿಗೆ ಇಳಿಸುತ್ತಿದ್ದ. ಹಾಡು ಏರುವ ಹೊತ್ತಿಗೆ ಸರಿಯಾಗಿ ಅವಳು ನಗು ತಡೆದುಕೊಂಡು ಹೇಳುತ್ತಿದ್ದಳು: "ಇದು ಇಗ್ವಾನಾದ್ದು. ಕದೀತಿರೋನೇ, ನಿನ್ನ ನಾನು ನೋಡ್ತಿದ್ದೀನಿ." ಯಾರು ಕದ್ದು ರೆಕಾರ್ಡ್ ಮಾಡಿಕೊಂಡರೂ ಆ ದನಿ ಜೊತೆಗೆ ಅಂಟಿಕೊಂಡೇ ಹೋಗಬೇಕು. ಎದಿಲ್ಮಾ ಸತ್ತು ಈಗ ನಾಲ್ಕು ವರ್ಷ. ಫೋಟೋಗಳು ಬೇಕಾದಷ್ಟಿವೆ. ದನಿ ಇದ್ದದ್ದು ಆ ಟೇಪುಗಳಲ್ಲಿ ಮಾತ್ರ, ಅವಕ್ಕೆ ಬೂಸ್ಟು ಹಿಡಿದಿತ್ತು.

ಅಕ್ಕನ ಮಗಳು ಯೂರಾನಿಸ್ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವಳು. ಎಲ್ಲವನ್ನೂ ಮನೆಯಲ್ಲೇ ಒಂದು ಸಣ್ಣ ಸರ್ವರ್‌ಗೆ ಹಾಕಿಕೊಡುತ್ತೇನೆ, ಹಿತ್ತಲಲ್ಲಿ ಕೂತು ಫೋನಿನಿಂದಲೇ ಬೇಕಾದ್ದು ಕೇಳಬಹುದು ಎಂದಳು. ತನ್ನ ಲ್ಯಾಪ್‌ಟಾಪಿಗೆ ಟೇಪುಗಳನ್ನು ಒಂದೊಂದಾಗಿ ಇಳಿಸಿಕೊಂಡಳು. ಆ ಕೊನೆಯ ಓಟದಲ್ಲೇ ಟೇಪುಗಳು ಪುಡಿಪುಡಿಯಾದವು. ಆಮೇಲೆ ಬಂತು ಡಿಸ್ಕಿನ ಪ್ರಶ್ನೆ.

"ಮಾಮ, ಎರಡು ಡಿಸ್ಕ್ ಇದೆ. ಕನ್ನಡಿ ಥರ ಹಾಕಿದ್ರೆ ಇದರಲ್ಲಿರೋದೇ ಅದರಲ್ಲೂ ಇರತ್ತೆ. ಒಂದು ಸತ್ರೂ ಇನ್ನೊಂದು ಇರತ್ತೆ. ಎರಡನ್ನೂ ಜೋಡ್ಸಿ ಒಂದೇ ಮಾಡಿದ್ರೆ ಜಾಗ ಜಾಸ್ತಿ, ಆದ್ರೆ ಒಂದು ಹೋದ್ರೆ ಎಲ್ಲಾ ಹೋಯ್ತು."

"ಎರಡು ಡಿಸ್ಕ್ ಹಾಕಿ ಒಂದರಷ್ಟೇ ಜಾಗವಾ? ಇನ್ನೊಂದು ಏನ್ ಮಾಡತ್ತೆ?"

"ಅದನ್ನೇ ಇಟ್ಕೊಂಡಿರತ್ತೆ."

"ಹಾಗಾದ್ರೆ ನಾನು ತಪ್ಪಿ ಅಳಿಸಿಬಿಟ್ರೂ ಇನ್ನೊಂದ್ರಲ್ಲಿ ಇರತ್ತೆ."

"ಇಲ್ಲ ಮಾಮ. ಅಳಿಸಿದ್ರೆ ಎರಡರಲ್ಲೂ ಹೋಗತ್ತೆ. ಅದಕ್ಕೇ ಬೇರೆ ಮನೇಲಿ ಇನ್ನೊಂದು ಪ್ರತಿ ಇಡ್ಬೇಕು."

ನಾಫೆರ್ ಕೈಲಿದ್ದ, ಮೊಟ್ಟೆ ತುಂಬಿ ಕರಿದ ಅರೇಪಾ ರೊಟ್ಟಿಯನ್ನು ತಟ್ಟೆಗಿಟ್ಟ. ಒಂದೇ ಪ್ರತಿ ಎಂದು ಜೀವಮಾನವೆಲ್ಲ ಎದೆ ಸೆಟೆಸಿಕೊಂಡು ಓಡಾಡಿದವನ ಮುಂದೆ ಎರಡನೆಯದು, ಮೂರನೆಯದು, ಅದೂ ಬೇರೆ ಮನೆಯಲ್ಲಿ ಎನ್ನುತ್ತಿದ್ದಾಳೆ ಹುಡುಗಿ. ಆದರೆ ಅವಳು ಹೇಳುವುದು ಸುಳ್ಳೂ ಅಲ್ಲ. ಮೂರು ದಿನ ಅವನಿಗೆ ಊಟ ರುಚಿಸಲಿಲ್ಲ. ಎರಡು ಲೋಟ ಎದುರಿಗಿಟ್ಟು ಒಂದಕ್ಕೆ ನೀರು ಸುರಿದು ನೋಡಿದ. ಇನ್ನೊಂದು ತಾನಾಗಿ ತುಂಬುವುದು ಹೇಗೆ? ತುಂಬಿದರೂ, ಇದನ್ನು ಚೆಲ್ಲಿದಾಗ ಅದೂ ಖಾಲಿಯಾಗುವುದಾದರೆ ಅದಿದ್ದು ಏನು ಉಪಯೋಗ? ಕೊನೆಗೆ ಇನ್ನೊಂದಕ್ಕೂ ತಾನೇ ನೀರು ತುಂಬಿ, ಎರಡೂ ಲೋಟದ ನೀರನ್ನು ಒಂದೇ ಚೊಂಬಿಗೆ ಸುರಿದ. ಅದೊಂದು ಮಾತ್ರ ಅವನಿಗೆ ಅರ್ಥವಾಯಿತು.

"ಜೋಡಿಸಿಬಿಡು," ಎಂದ. "ಇಗ್ವಾನಾದ್ದು ಒಂದೇ."

ಯೂರಾನಿಸ್ ಬೇಡವೆಂದು ಗೋಗರೆದಳು. ಅವನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, ಅವಳ ಲ್ಯಾಪ್‌ಟಾಪಿನಲ್ಲಿದ್ದದ್ದನ್ನೂ ಅಳಿಸಿದ ಮೇಲೆಯೇ ಎದ್ದ. ಎದ್ದವನು ಸುಮ್ಮನಿರದೆ ಹಳೆಯ ಚಾಕು ತಂದು ಡಿಸ್ಕ್‌ಗಳ ಮೇಲಿನ ಚೀಟಿ ಕೆರೆಯತೊಡಗಿದ.

"ಅದು ಗ್ಯಾರಂಟಿ ನಂಬರ್ ಮಾಮ."

"ಯಾವ ಡಿಸ್ಕ್ ಅಂತ ಯಾರಿಗೂ ಗೊತ್ತಾಗ್ಬಾರ್ದು."

ಐದು ತಿಂಗಳು ಅವನು ದಿನವೂ ಮಧ್ಯಾಹ್ನ ಮಾವಿನ ಮರದಡಿ ಕೂತು ಎದಿಲ್ಮಾ ಕಳ್ಳರನ್ನು ಗದರಿಸುವುದನ್ನು ಕೇಳಿಸಿಕೊಂಡ. ಆರನೇ ತಿಂಗಳು ಒಂದು ದಿನ ಕರೆಂಟು ಮೂರು ಸಲ ಹೋಗಿ ಬಂತು. ಸರ್ವರ್ ಪೆಟ್ಟಿಗೆಯೊಳಗಿಂದ ಹಲ್ಲಿ ಲೊಚಗುಟ್ಟಿದಂಥ ಸದ್ದು ಶುರುವಾಯಿತು. ಯೂರಾನಿಸ್ ಬಂದು ಬಿಚ್ಚಿದಳು, ಮುಚ್ಚಿದಳು, ಮತ್ತೆ ಬಿಚ್ಚಿದಳು.

"ಒಂದು ಡಿಸ್ಕ್ ಹೋಗಿದೆ ಮಾಮ."

"ಇನ್ನೊಂದು ಇದ್ಯಲ್ಲ."

"ಇದೆ. ಅದರಲ್ಲಿ ಪ್ರತಿ ಹಾಡಿನದೂ ಬರೀ ಚೂರು ಚೂರು. ಏನೂ ಕೇಳ್ಸಲ್ಲ."

"ನೀನು ನನ್ನ ಮಾತು ಮೀರಿ ಒಂದಾದ್ರೂ ಬಚ್ಚಿಟ್ಕೊಂಡಿದ್ದೀಯಾ?" ಎಂದು ಆಸೆಯಿಂದ ಕೇಳಿದ.

"ನೀವೇ ಪಕ್ಕದಲ್ಲಿ ಕೂತು ನನ್ನ ಕೈಲಿ ಅಳಿಸಿದ್ರಲ್ಲ ಮಾಮ."

ನಾಫೆರ್ ಅತ್ತುಬಿಟ್ಟ. ಹೆಂಡತಿ ಸತ್ತ ದಿನ ಊರವರೆದುರು ಗಟ್ಟಿಯಾಗಿ ನಿಂತಿದ್ದವನು ಅಕ್ಕನ ಮಗಳ ಮುಂದೆ ಮೂಗೊರೆಸಿಕೊಳ್ಳುತ್ತಾ ಅತ್ತ. ಎದಿಲ್ಮಾಳಿಗೆ ಹೇಳಿಕೊಟ್ಟ ಮಾತಿನಲ್ಲಿ ಕಳ್ಳನೊಬ್ಬ ಇದ್ದನಲ್ಲ, ಅವನು ನೆನಪಿಗೆ ಬಂದದ್ದು ಮರುದಿನ ಬೆಳಿಗ್ಗೆ.

ವಿಲ್ಫ್ರಿದೊ ಇದ್ದದ್ದು ಎರಡೇ ಬೀದಿಯಾಚೆ. ಒಂದು ಕಾಲಕ್ಕೆ ಅವನದೂ ಸಿಡಿಲು ಎಂಬ ಪಿಕೊ ಇತ್ತು. ಟೋಪಿಯೊಳಗೆ ರೆಕಾರ್ಡರ್ ಅಡಗಿಸಿಕೊಂಡು ಬಂದಿದ್ದಾನೆಂದು ನಾಫೆರ್ ಅವನನ್ನು ಕುಣಿತದ ನಡುವಿನಿಂದ ಕುತ್ತಿಗೆಪಟ್ಟಿ ಹಿಡಿದು ಹೊರಗೆ ಹಾಕಿದ್ದ. ಅವನು ತಾಯಿಯಾಣೆ ಇಲ್ಲವೆಂದಿದ್ದ. ಅಂದಿನಿಂದ ಮೂವತ್ತೆರಡು ವರ್ಷ ಇಬ್ಬರಿಗೂ ಮಾತಿರಲಿಲ್ಲ.

"ಏನು?" ಎಂದ ವಿಲ್ಫ್ರಿದೊ, ಬಾಗಿಲು ಅರ್ಧವೇ ತೆರೆದು.

"ಅವತ್ತು ನೀನು ಕದ್ದೆ ತಾನೆ?"

"ಇಷ್ಟು ವರ್ಷ ಆದ್ಮೇಲೂ ಅದೇನಾ? ನಾನು ಕದ್ದಿಲ್ಲ."

"ಕದ್ದೆ ಅನ್ನು."

"ನನ್ನ ತಾಯಿ ಆಣೆ..."

"ಆಣೆ ಹಾಕ್ಬೇಡ ಮಾರಾಯ. ಕದ್ದೆ ಅನ್ನು. ಎದಿಲ್ಮಾ ದನಿ ಹೋಯ್ತು. ಎಲ್ಲೂ ಇಲ್ಲ."

ಬೈಯಲು ಬಂದವನೋ ಬೇಡಲು ಬಂದವನೋ ವಿಲ್ಫ್ರಿದೊಗೆ ತಿಳಿಯಲಿಲ್ಲ. ಬಾಗಿಲು ಪೂರ್ತಿ ತೆರೆದು ಅವನನ್ನು ಒಳಗೆ ಕರೆದ. ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು, ಅದರಿಂದ ಕ್ಯಾಸೆಟ್ ತೆಗೆದು, ಕಣ್ಣು ತಪ್ಪಿಸಿಕೊಂಡೇ ಟೇಪ್‌ರೆಕಾರ್ಡರಿಗೆ ಹಾಕಿದ. ಮೊದಲು ಜನರ ಗದ್ದಲ, ಬಾಟಲಿಗಳ ಸದ್ದು. ಆಮೇಲೆ ಹಾಡು, ಎಲ್ಲೋ ದೂರದಿಂದ ಬಂದಂತೆ. ಅದು ಏರಿತು. ಅವಳು ನಗು ತಡೆದುಕೊಂಡು ಹೇಳಿದಳು: "ಇದು ಇಗ್ವಾನಾದ್ದು. ಕದೀತಿರೋನೇ, ನಿನ್ನ ನಾನು ನೋಡ್ತಿದ್ದೀನಿ."

ಇಬ್ಬರು ಮುದುಕರೂ ಟೇಪ್‌ರೆಕಾರ್ಡರನ್ನೇ ನೋಡುತ್ತಾ ಕೂತರು.

"ಎಷ್ಟು ಪ್ರತಿ ಮಾಡ್ಕೊಂಡಿದ್ದೀಯ?" ಎಂದು ನಾಫೆರ್ ಕೇಳಿದ.

"ಮೂರು. ಒಂದು ತಂಗಿ ಮನೇಲಿದೆ."

ಬೇರೆ ಮನೆಯಲ್ಲಿ. ಯೂರಾನಿಸ್ ಬಡಕೊಂಡಿದ್ದನ್ನು ಈ ಬಡ್ಡಿಮಗ ಎಂದೋ ಮಾಡಿಟ್ಟಿದ್ದ. ಲೋಟದ ಲೆಕ್ಕ ನಾಫೆರ್‌ಗೆ ಈಗಲೂ ಬಗೆಹರಿದಿರಲಿಲ್ಲ.

"ಇನ್ನಾದ್ರೂ ನನ್ನ ಕಳ್ಳ ಅನ್ನೋದು ಬಿಡ್ತೀಯಾ?" ಎಂದ ವಿಲ್ಫ್ರಿದೊ.

"ಇಲ್ಲ. ನೀನು ಕಳ್ಳನೇ," ಎಂದ ನಾಫೆರ್. "ಇನ್ನೊಂದ್ಸಲ ಹಾಕು."