ಕಿಟಕಿಯ ಪಕ್ಕದ ಸಂಬಳ

ನನ್ನ ಅಂಗಡಿಯ ಎದುರಿಗೆ ಒಂದು ಹೊಲಿಗೆ ಕಾರ್ಖಾನೆ ಇದೆ. ಅಲ್ಲಿ ಯಾರ ಸಂಬಳ ಎಷ್ಟೆಂದು ತಿಳಿಯಲು ಬಾಯಿ ಬಿಟ್ಟು ಕೇಳಬೇಕಾಗಿರಲಿಲ್ಲ, ಒಳಗೆ ಇಣುಕಿದರೆ ಸಾಕಿತ್ತು. ರೈಲು ಡಬ್ಬಿಯಂಥ ಉದ್ದನೆಯ ಕೋಣೆ. ಹಿಂದಿನ ಓಣಿಗೆ ಬಾಗಿಲು, ಮುಂದಿನ ಬೀದಿಗೆ ದೊಡ್ಡ ಕಿಟಕಿ. ಬಾಗಿಲ ಬಳಿ ಕೂತವರಿಗೆ ಕತ್ತಲೆಯೂ ಹೆಚ್ಚು, ಸೊಳ್ಳೆಯೂ ಹೆಚ್ಚು, ಸಂಬಳ ಮಾತ್ರ ಕಡಿಮೆ. ಏರಿಕೆ ಸಿಕ್ಕವರು ಒಂದೊಂದೇ ಸಾಲು ಕಿಟಕಿಯ ಕಡೆಗೆ ಸರಿಯುತ್ತಿದ್ದರು. ಇದನ್ನು ಯಾರೂ ಕಾನೂನು ಮಾಡಿರಲಿಲ್ಲ. ಆದರೆ ಒಂದು ಮನೆಯಲ್ಲಿ ನಿಜವಾದ ಯಜಮಾನರು ಯಾರೆಂಬುದು ಆ ಮನೆಯವರಿಗೆಲ್ಲ ಗೊತ್ತಿರುತ್ತದಲ್ಲ, ಹಾಗೆ ಎಲ್ಲರಿಗೂ ಗೊತ್ತಿತ್ತು.

ಕಿಟಕಿಗೆ ಒತ್ತಿಕೊಂಡಿದ್ದ ಮೇಜು ಬಟ್ಟೆ ಕತ್ತರಿಸುವ ಮಾಸ್ಟರರದು. ದಾರ, ಗುಂಡಿ, ಜಿಪ್ಪು, ಲೈನಿಂಗು ಮಾರುವವನು ನಾನು. ಆ ಮೇಜಿಗೂ ನನ್ನ ಗಲ್ಲಾಪೆಟ್ಟಿಗೆಗೂ ನಡುವೆ ಇದ್ದದ್ದು ಒಂದು ಬೀದಿ ಮಾತ್ರ. ಹಾಗಾಗಿ ಮಾಸ್ಟರರು ಬಾಗಿಲಿನಿಂದ ಕಿಟಕಿಯ ತನಕ ನಡೆದುಬಂದ ದಾರಿಯನ್ನು ನಾನು ಪುಕ್ಕಟೆಯಾಗಿ ನೋಡಿದ್ದೇನೆ.

ಅವರು ಸೇರಿದ್ದು ಕಾಜಾ ಮಾಡಿ ಗುಂಡಿ ಹೊಲಿಯುವ ಕೆಲಸಕ್ಕೆ. ಬಾಡಿಗೆ ಕೊಟ್ಟ ಮೇಲೆ ಮೊದಲ ಸಂಬಳದಲ್ಲಿ ಉಳಿದದ್ದು ಅವರ ಹಸಿವು ಮಾತ್ರ. ಕೆಲವೇ ತಿಂಗಳಿಗೆ ಆ ಸಂಬಳ ಅರ್ಧಕ್ಕರ್ಧ ಏರಿತು. ಕೆಲಸ ಮೆಚ್ಚಿ ಕೊಟ್ಟದ್ದೆಂದು ಅವರು ಇವತ್ತಿಗೂ ನಂಬಿದ್ದಾರೆ. ಅವರ ಜೊತೆಗೆ ಸೇರಿದ್ದ ಇಬ್ಬರು ಹೇಳದೆ ಕೇಳದೆ ಓಡಿಹೋಗಿದ್ದರು. ಉಳಿದುಕೊಂಡದ್ದಕ್ಕೆ ಸಿಕ್ಕ ಬಹುಮಾನ ಅದು. ಆಮೇಲೆ ಪ್ಯಾಂಟಿನ ಮೆಷಿನ್ನು, ಅಲ್ಲಿಂದ ಕಾಲರಿನ ಮೆಷಿನ್ನು, ಕೊನೆಗೆ ಬಟ್ಟೆ ಕತ್ತರಿಸುವ ಮೇಜು. ಮದುವೆಯಾದ ವರ್ಷ ಇನ್ನೊಂದು ಏರಿಕೆ, ಏಕೆಂದರೆ ಹಳೇ ಯಜಮಾನರು ಮದುವೆಗೆ ಹೋಗಿ ಹೊಟ್ಟೆ ತುಂಬ ಉಂಡು ಬಂದಿದ್ದರು. ಹೆಣ್ಣಿನ ತಂದೆ ಯಜಮಾನರ ಕೈ ಹಿಡಿದುಕೊಂಡು, “ನಿಮ್ಮನ್ನ ನಂಬಿ ಕೊಡ್ತಾ ಇದ್ದೀವಿ ಸ್ವಾಮಿ” ಎಂದುಬಿಟ್ಟಿದ್ದರು.

ಮಾಸ್ಟರರು ತಮ್ಮ ಜೀವಮಾನದಲ್ಲೇ ಅತ್ಯಂತ ಚೆನ್ನಾಗಿ ಕೆಲಸ ಮಾಡಿದ ವರ್ಷ ಮಾತ್ರ ಒಂದು ಕಾಸೂ ಏರಲಿಲ್ಲ. ಅಳತೆಗಳನ್ನು ಒಂದರ ಮಗ್ಗುಲಿಗೆ ಒಂದನ್ನು ಹೊಂದಿಸಿ ಅವರು ಬಟ್ಟೆ ಉಳಿಸಿದ್ದೇ ಉಳಿಸಿದ್ದು. ಆ ಉಳಿತಾಯದಲ್ಲಿ ಯಜಮಾನರ ಮನೆಗೆ ಹೊಸ ಸೋಫಾ ಬಂತು. ಅದನ್ನು ಮೆಟ್ಟಿಲು ಹತ್ತಿಸಲು ಮಾಸ್ಟರರೂ ಕೈ ಜೋಡಿಸಿದರು.

ಮರುವರ್ಷ ಅವರು ಸ್ವಲ್ಪ ಬುದ್ಧಿ ಕಲಿತರು. ಬಾಯಿ ಬಿಟ್ಟು ಕೇಳಲಿಲ್ಲ. ಪಕ್ಕದ ಬೀದಿಯ ಇನ್ನೊಂದು ಹೊಲಿಗೆ ಅಂಗಡಿಯ ಬಾಗಿಲಿಗೇ ಅಂಟಿಕೊಂಡ ಹೋಟೆಲಿನಲ್ಲಿ ದಿನವೂ ಚಹಾ ಕುಡಿಯತೊಡಗಿದರು. ಈ ಉಪಾಯ ಯಾರು ಹೇಳಿಕೊಟ್ಟರೆಂದು ಕೇಳಬೇಡಿ. ಚಹಾ ಬಹಳ ಕೆಟ್ಟದಾಗಿತ್ತಂತೆ, ಆದರೆ ಯಜಮಾನರು ಅವರನ್ನು ಹೆಚ್ಚು ದಿನ ಕುಡಿಯಲು ಬಿಡಲಿಲ್ಲ. ಮಾಸ್ಟರರ ಮೇಜು ಕಿಟಕಿಯ ಪಕ್ಕಕ್ಕೆ ಬಂದದ್ದು ಹಾಗೆ.

ಅಲ್ಲಿಂದ ಮುಂದೆ ಸರಿಯಲು ಜಾಗವಿರಲಿಲ್ಲ. ಕಿಟಕಿ ದಾಟಿದರೆ ಬೀದಿ. ಸಂಬಳ ಏರುತ್ತಲೇ ಇತ್ತು, ಆದರೆ ಚಿಕ್ಕವರಿದ್ದಾಗ ಬಂದ ಹಾಗೆ ಎಗರಿ ಬರಲಿಲ್ಲ. ವರ್ಷಕ್ಕೊಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡಷ್ಟು ಬಂತು. ಹಾಗೆ ಕೆಮ್ಮಿ ಕೆಮ್ಮಿಯೇ ಇಡೀ ಕೋಣೆಯಲ್ಲಿ ಅವರದೇ ದೊಡ್ಡ ಸಂಬಳವಾಯಿತು. ದುಬಾರಿ ಮಾಲಿಗೆ ಗಾಜಿನ ಕಪಾಟು ಸಿಗುತ್ತದೆ, ನಿಜ. ಆದರೆ ಅಂಗಡಿ ಕೈ ಬದಲಾದ ದಿನ ಹೊಸಬರ ಕಣ್ಣು ಮೊದಲು ಬೀಳುವುದೂ ಅದೇ ಕಪಾಟಿನ ಮೇಲೆ.

ಕೈ ಬದಲಾಯಿತು. ಹಳೇ ಯಜಮಾನರಿಗೆ ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಳ್ಳತೊಡಗಿ, ಅವರು ತಮ್ಮ ಸೋಫಾದಲ್ಲಿ ಕೂತರು. ಮಗಳು ಬಂದು ಕಾರ್ಖಾನೆಯ ಕುರ್ಚಿಯಲ್ಲಿ ಕೂತಳು. ಫ್ರಾಕು ಹಾಕಿಕೊಂಡು ಓಡಾಡುವಾಗಿನಿಂದಲೂ ಅವಳು ಮಾಸ್ಟರರನ್ನು ಮಾಮ ಎಂದೇ ಕರೆಯುವವಳು. ಮಾಸ್ಟರರಿಗೆ ಮಾತ್ರ ಕಷ್ಟಕ್ಕಿಟ್ಟುಕೊಂಡಿತು. ನಿನ್ನೆಯವರೆಗೆ “ಏ ಪುಟ್ಟಿ, ಕತ್ತರಿ ಮುಟ್ಬೇಡ” ಎಂದು ಗದರಿದ ಹುಡುಗಿಗೆ ಇವತ್ತು ಏನೆನ್ನುವುದು? ಪುಟ್ಟಿ ಎನ್ನಲು ಧೈರ್ಯವಿಲ್ಲ, ಮೇಡಂ ಎನ್ನಲು ನಾಲಿಗೆ ಬಗ್ಗದು. ಕೊನೆಗೆ ಅವಳನ್ನು ಏನೆಂದೂ ಕರೆಯದೆ, ಗೋಡೆಯ ಜೊತೆ ಮಾತಾಡುವವರಂತೆ, “ನೀಲಿ ಬಟ್ಟೆ ಮುಗೀತಾ ಬಂತು, ತರಿಸಿದ್ರೆ ಒಳ್ಳೇದು” ಎಂದು ಹೇಳಿ ಹೋಗತೊಡಗಿದರು.

ಇದೇ ಹೊತ್ತಿಗೆ ಅವರ ಮನೆಯಲ್ಲಿ ಒಂದು ದೊಡ್ಡ ಸಂಗತಿ ನಡೆದಿತ್ತು. ಅವರ ಹೆಂಡತಿ ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದರು. ಬೆಳಗಿನಿಂದ ಸಂಜೆಯ ತನಕ ಹಬೆಯ ನಡುವೆ ನಿಂತೇ ಕೆಲಸ. ಮಂಡಿಗಳು ಸವೆದುಹೋಗಿದ್ದವು. ಇನ್ನು ನಿಲ್ಲಬಾರದೆಂದು ಡಾಕ್ಟರು ಹೇಳಿದಾಗ, “ನಾನು ನಿಲ್ದೆ ಇದ್ರೆ ಸಂಸಾರ ನಿಲ್ಲತ್ತಾ ಡಾಕ್ಟ್ರೇ?” ಎಂದು ಕೇಳಿ ಬಂದಿದ್ದರು. ಇವರ ಮಗಳು ಮದುವೆಯಾಗಿ ತನ್ನ ಪಾಡಿಗೆ ತಾನಿದ್ದಳು. ಮನೆಯಲ್ಲಿ ಉಳಿದವರು ಇಬ್ಬರೇ. ಆ ತಿಂಗಳು ಮಾಸ್ಟರರು ಎದೆ ಉಬ್ಬಿಸಿ, “ನನ್ನ ಸಂಬಳ ಇಬ್ರಿಗೂ ಸಾಕು. ನೀನು ಬಿಟ್ಬಿಡು” ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಹಾಗೆ ಹೇಳಲು ಸಾಧ್ಯವಾದದ್ದು ಅದೇ ಮೊದಲು. ಹೆಂಡತಿ ಅನುಮಾನದಿಂದ ಅವರ ಮುಖವನ್ನೇ ನೋಡಿ, ಆಮೇಲೆ ಕೆಲಸ ಬಿಟ್ಟರು.

ಅದಾಗಿ ತಿಂಗಳು ಕಳೆದಿರಲಿಲ್ಲ. ಒಂದು ಸೋಮವಾರ ಬೆಳಗ್ಗೆ ಮಾಸ್ಟರರು ಕೆಲಸಕ್ಕೆ ಬಂದು ನೋಡಿದರೆ ಕಿಟಕಿಯ ಪಕ್ಕ ಅವರ ಮೇಜಿಲ್ಲ. ಅಲ್ಲಿ ಬಿಳಿ ಕೋಟು ತೊಟ್ಟ ಬೊಂಬೆಯೊಂದು ಬೀದಿಗೆ ಮುಖ ಮಾಡಿ ನಿಂತಿತ್ತು. ಹೊಸದಾಗಿ ಮಾಡಿಸಿದ ಉದ್ದನೆಯ ಮೇಜು ಓಣಿಯ ಬಾಗಿಲ ಪಕ್ಕದಲ್ಲಿತ್ತು, ಅದರ ಮೇಲೆ ಅವರ ಕತ್ತರಿ, ಅಳತೆ ಪಟ್ಟಿ, ಸೀಮೆಸುಣ್ಣ.

ಓವರ್‌ಲಾಕ್ ಮೆಷಿನ್ನಿನವನಿಗೆ ಎಲ್ಲರೂ ರೇಡಿಯೋ ಎನ್ನುತ್ತಾರೆ, ಏಕೆಂದರೆ ಅವನನ್ನು ಆರಿಸುವ ಗುಂಡಿ ಯಾರಿಗೂ ಸಿಕ್ಕಿಲ್ಲ. ಅವನು ಶುರುಮಾಡಿದ. “ನೋಡಿದ್ರಾ ಮಾಸ್ಟರೇ, ನಿಮ್ಮ ಜಾಗಕ್ಕೆ ಬಂದಿರೋನು ಊಟ ಕೇಳಲ್ಲ, ರಜಾ ಕೇಳಲ್ಲ, ಸಂಬಳ ಅಂತೂ ಕೇಳೋದೇ ಇಲ್ಲ.”

“ನಿನ್ನ ಕೆಲಸ ನೋಡೋ.”

“ನೋಡ್ತೀನಿ. ಆದ್ರೂ ಬಾಗಿಲ ಹತ್ರ ಅಂದ್ರೆ... ಇನ್ನೊಂದು ಹೆಜ್ಜೆ ಹಿಂದಕ್ಕೆ ಇಟ್ರೆ ಓಣಿ. ಹುಷಾರು.”

ಯಾಕೆ ಸರಿಸಿದಿರಿ ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವುದು ಹೇಗೆ? ಕರೆಯಲು ಹೆಸರಿಲ್ಲದವರ ಹತ್ತಿರ ಮಾತು ಶುರುವಾಗುವುದಾದರೂ ಎಲ್ಲಿಂದ? ಮಾಸ್ಟರರು ತಲೆ ತಗ್ಗಿಸಿ ಕತ್ತರಿಸುತ್ತಲೇ ಹೋದರು. ಗೋಡೆಯ ಜೊತೆ ಮಾತಾಡುವುದನ್ನೂ ಬಿಟ್ಟರು.

ಒಂದು ಮಧ್ಯಾಹ್ನ ಯಜಮಾನರ ಹುಡುಗಿ ದಾರದ ನೆಪ ಮಾಡಿಕೊಂಡು ನನ್ನ ಅಂಗಡಿಗೆ ಬಂದಳು. ಬಣ್ಣ ನೋಡುವಂತೆ ನಟಿಸುತ್ತ, “ಮಾಮ ನನ್ನ ಮುಖಾನೇ ನೋಡ್ತಾ ಇಲ್ಲ. ಬೇರೆ ಕಡೆಯಿಂದ ಯಾರಾದ್ರೂ ಕರೀತಿದ್ದಾರಾ? ನಿಮಗೆ ಗೊತ್ತಿರತ್ತೆ” ಎಂದಳು.

“ಅವರನ್ನೇ ಕೇಳಮ್ಮ.”

“ಕೇಳಿದ್ರೆ ಹೌದು ಅಂದ್ಬಿಟ್ರೆ? ಈಗಷ್ಟೇ ಆಸ್ಪತ್ರೆಯವರ ಸಮವಸ್ತ್ರದ ಆರ್ಡರ್ ಹಿಡಿದಿದ್ದೀನಿ. ಅವರಿಲ್ದೆ ಒಂದು ತೋಳೂ ಕತ್ತರಿಸೋಕಾಗಲ್ಲ.”

ನಾನು ಒಬ್ಬ ಗಿರಾಕಿಯ ಮಾತನ್ನು ಇನ್ನೊಬ್ಬ ಗಿರಾಕಿಗೆ ಮಾರುವುದಿಲ್ಲ. ಆ ಮಾಲಿಗೆ ಗ್ಯಾರಂಟಿ ಇರುವುದಿಲ್ಲ. ಆದರೆ ಅಂದು ಸಂಜೆ ಮಾಸ್ಟರರು ಬಂದು ಗುಂಡಿಯ ಡಬ್ಬಿಗೆ ಕೈ ಹಾಕಿ ಸುಮ್ಮನೆ ಕಲಕುತ್ತ ನಿಂತಾಗ ಇಷ್ಟು ಹೇಳಿದೆ: “ಹೋಗಿ, ಮೇಜು ಯಾಕೆ ಸರಿಸಿದ್ರಿ ಅಂತ ಕೇಳಿ. ಅಷ್ಟೇ ಕೇಳಿ. ಸಂಬಳದ ಮಾತು ಮಾತ್ರ ನೀವಾಗಿ ತೆಗೀಬೇಡಿ.”

“ತೆಗೆದ್ರೆ ಏನಾಗತ್ತೆ?”

“ಗಿರಾಕಿ ಬಾಯಿ ಬಿಡೋ ಮುಂಚೆ ಬೆಲೆ ಇಳಿಸೋನು ಅಂಗಡಿ ಇಡಬಾರದು.”

“ನಾನೆಲ್ಲಿ ಅಂಗಡಿ ಇಟ್ಟಿದ್ದೀನಿ ಸಾಹುಕಾರ್ರೇ” ಎಂದರು. ಹೋಗುವಾಗ ಕಾಲು ಎಳೆದುಕೊಂಡು ಹೋದರು.

ಮನೆಯಲ್ಲಿ ಅವರು ಬಾಯಿ ಬಿಟ್ಟಿರಲಿಲ್ಲ. ಆದರೆ ಗಂಡನ ತಟ್ಟೆಯಲ್ಲಿ ದಿನವೂ ಅರ್ಧ ಊಟ ಉಳಿಯುತ್ತಿದ್ದರೆ ಹೆಂಡತಿಗೆ ಬೇರೆ ಸಾಕ್ಷಿ ಬೇಕೇ? ಆ ಸಂಜೆ ಮಾಸ್ಟರರು ಮನೆಯ ಬಾಗಿಲು ತೆಗೆದಾಗ ಗೋಡೆಗೆ ಒರಗಿಸಿಟ್ಟ ಒಂದು ಜೊತೆ ಶೂ ಕಂಡಿತು. ಹೆಂಡತಿ ಲಾಂಡ್ರಿಗೆ ಹಾಕಿಕೊಂಡು ಹೋಗುತ್ತಿದ್ದ ದಪ್ಪ ಅಟ್ಟೆಯ ಶೂ. ಅಟ್ಟದ ಮೇಲಿಂದ ಇಳಿಸಿ, ಒರೆಸಿ ಇಟ್ಟಿದ್ದರು.

“ಇದ್ಯಾಕೆ ಇಲ್ಲಿ?”

“ಸುಮ್ನೆ. ಧೂಳು ಹಿಡಿದಿತ್ತು.”

“ಧೂಳು ಅಟ್ಟದ ಮೇಲೇ ಇರ್ಲಿ ಬಿಡು.”

“ಲಾಂಡ್ರಿಯಲ್ಲಿ ಇನ್ನೂ ಯಾರನ್ನೂ ತಗೊಂಡಿಲ್ವಂತೆ. ಸುಮ್ನೆ ಹೇಳಿದೆ.” ಹಾಗೆಂದು ಅವರು ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು.

ಮಾಸ್ಟರರಿಗೆ ನಾನು ಹೇಳಿದ್ದೆಲ್ಲ ಮರೆತುಹೋದದ್ದು ಆಗಲೇ. ಮರುದಿನ ಬೆಳಗ್ಗೆ ಮೆಷಿನ್ನುಗಳು ಶುರುವಾಗುವ ಮೊದಲೇ ಹುಡುಗಿಯ ಕೋಣೆಗೆ ಹೋಗಿ ನಿಂತರು. ಎದುರಿನ ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನನ್ನ ಸಂಬಳ ಸ್ವಲ್ಪ ಜಾಸ್ತಿನೇ ಆಗಿದೆ” ಎಂದು ನೆಲ ನೋಡುತ್ತ ಶುರುಮಾಡಿದರು. “ಕಮ್ಮಿ ಮಾಡಿದ್ರೂ ಪರವಾಗಿಲ್ಲ. ಕೆಲಸ ಮಾತ್ರ ಇರ್ಲಿ. ಮನೇಲಿ ಅವಳು ಈಗ ತಾನೇ ಬಿಟ್ಟಿದ್ದಾಳೆ, ಮಂಡಿ ಸರಿ ಇಲ್ಲ. ಮತ್ತೆ ಹೋಗಿ ನಿಂತ್ಕೋ ಅಂತ ನನ್ನ ಕೈಲಿ ಹೇಳೋಕಾಗಲ್ಲ.”

ಹುಡುಗಿಗೆ ಏನೂ ಅರ್ಥವಾಗಲಿಲ್ಲ. “ಕಮ್ಮಿ ಯಾಕೆ ಮಾಡ್ಲಿ ಮಾಮ?”

“ಮತ್ತೆ ಮೇಜು?”

“ಮೇಜಿಗೇನಾಯ್ತು?”

“ಬಾಗಿಲಿಗೆ ಹೋಯ್ತಲ್ಲ.”

“ಬಟ್ಟೆಯ ಥಾನು ಇಳಿಯೋದು ಓಣಿಯ ಬಾಗಿಲಲ್ಲಿ. ಅಲ್ಲಿಂದ ಕಿಟಕಿ ತನಕ ನೀವೇ ಹೊತ್ಕೊಂಡು ಹೋಗ್ತಿದ್ರಿ. ನಿಮ್ಮ ಸೊಂಟ ನೋಡಿ ನನಗೆ ನೋವಾಗ್ತಿತ್ತು. ಆಸ್ಪತ್ರೆ ಆರ್ಡರ್‌ಗೆ ಉದ್ದ ಮೇಜು ಬೇರೆ ಬೇಕು, ಕಿಟಕಿ ಹತ್ರ ಹಿಡಿಸಲ್ಲ. ಮೇಲೆ ಎರಡು ದೊಡ್ಡ ದೀಪ ಹಾಕಿಸಿದ್ದೀನಿ, ನೋಡ್ಲಿಲ್ವಾ?”

ಅವರು ನೋಡಿರಲಿಲ್ಲ. ತಲೆ ಎತ್ತಿದವರಿಗೆ ತಾನೇ ದೀಪ ಕಾಣುವುದು.

ಆಮೇಲೆ ಅವರು ಕುರ್ಚಿಯಲ್ಲಿ ಕೂತು ಬಾಗಿಲಿನಿಂದ ಕಿಟಕಿಯ ತನಕದ ಸಂಬಳದ ಲೆಕ್ಕಾಚಾರವನ್ನೆಲ್ಲ ಅವಳಿಗೆ ಬಿಡಿಸಿ ಹೇಳಬೇಕಾಯಿತು. ಅವಳು ಬಾಯಿ ಬಿಟ್ಟುಕೊಂಡು ಕೇಳಿದಳು. ಅಲ್ಲಿಂದಲೇ ಅಪ್ಪನಿಗೆ ಫೋನು ಮಾಡಿದಳು. ಸೋಫಾದಿಂದ ಉತ್ತರ ಬಂತು: “ಒಳ್ಳೆ ಕೆಲಸಗಾರ, ಬೆಳಕು ಬೇಕಿತ್ತು, ಕೊಟ್ಟೆ. ಒಳ್ಳೆ ಕೆಲಸಗಾರ, ಸಂಬಳ ಕೊಟ್ಟೆ. ಎರಡಕ್ಕೂ ಗಂಟು ಹಾಕಿದೋರು ಯಾರಮ್ಮ? ನನಗೇನು ಗೊತ್ತು?” ಇಡೀ ಕಾರ್ಖಾನೆ ಒಂದು ತಲೆಮಾರು ಪಾಲಿಸಿಕೊಂಡು ಬಂದಿದ್ದ ಕಾನೂನು ಯಜಮಾನರೊಬ್ಬರಿಗೆ ಮಾತ್ರ ತಿಳಿದಿರಲಿಲ್ಲ.

ಫೋನು ಕೆಳಗಿಟ್ಟು ಅವಳು ಹೇಳಿದಳು: “ಈ ತಿಂಗಳಿಂದ ನಿಮಗೆ ಏರಿಸ್ಬೇಕು ಅಂತಲೇ ಇದ್ದೆ ಮಾಮ. ಹೇಗೆ ಹೇಳೋದು, ಕಮ್ಮಿ ಆಯ್ತು ಅಂದ್ಕೊಂಡು ಬಿಟ್ಟು ಹೋಗ್ತೀರೇನೋ ಅಂತ ಹೆದರಿಕೆ.” ಎಷ್ಟೆಂದೂ ಹೇಳಿದಳು. ಮಾಸ್ಟರರು ಬಹಳ ವರ್ಷಗಳಿಂದ ನೋಡುತ್ತಿದ್ದ ಕೆಮ್ಮಿನಂಥ ಏರಿಕೆಯಲ್ಲ ಅದು, ಸೀನಿನಂಥದ್ದು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಆಗಲಿ ಪುಟ್ಟಿ” ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡರು. ಅವಳು ನಕ್ಕು, “ಹಾಗೇ ಕರೀರಿ ಮಾಮ, ಗೋಡೆ ಜೊತೆ ಮಾತಾಡೋದಕ್ಕಿಂತ ಅದೇ ವಾಸಿ” ಎಂದಳು.

ಮಾಸ್ಟರರು ಹೊರಗೆ ಬಂದಾಗ ರೇಡಿಯೋ ಕೂಡ ಅವರ ಮುಖ ನೋಡಿ ಒಂದು ಗಳಿಗೆ ಸುಮ್ಮನಾದನಂತೆ.

ಮಧ್ಯಾಹ್ನ ಹುಡುಗಿ ಮತ್ತೆ ನನ್ನ ಅಂಗಡಿಗೆ ಬಂದಳು. ನಡೆದದ್ದನ್ನೆಲ್ಲ ಹೇಳಿ, ದನಿ ತಗ್ಗಿಸಿ, “ನಿಜ ಹೇಳ್ಲಾ? ಕೊಡ್ಬೇಕು ಅಂದ್ಕೊಂಡಿದ್ದು ಇದರ ಎರಡರಷ್ಟು. ಅವರೇ ಕಮ್ಮಿ ಮಾಡಿ ಅಂತ ಬಂದ್ರಲ್ಲ, ಅರ್ಧ ನುಂಗ್ಕೊಂಡೆ. ತಪ್ಪಾ?” ಎಂದಳು.

“ಮುಂದಿನ ವರ್ಷ ಕೊಡೋಕೆ ಏನಾದ್ರೂ ಉಳಿದಿರ್ಬೇಕಲ್ಲ ತಾಯಿ. ಮರೀದೆ ಕೊಡು” ಎಂದೆ. ಅಪ್ಪನ ಮಗಳು. ಕಾರ್ಖಾನೆ ಮುಳುಗುವುದಿಲ್ಲ ಎಂದು ನನಗೂ ಒಂದು ಸಮಾಧಾನವಾಯಿತು. ಅವರು ಕೊಳ್ಳುವ ದಾರ ನನ್ನದು.

ಇನ್ನುಳಿದದ್ದು ಮಾಸ್ಟರರ ಮನೆಯದು. ಅವರು ಹೋದವರೇ ಹೆಂಡತಿಗೆ ಮೇಜಿನಿಂದ ಹಿಡಿದು ಏರಿಕೆಯ ತನಕ ಒಂದೇ ಉಸಿರಿಗೆ ಹೇಳಿದರು. ಹೆಂಡತಿ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಕೇಳಿದರು.

“ಒಂದು ಮೇಜಿಗೋಸ್ಕರ ಇಷ್ಟು ದಿನ ಊಟ ಬಿಟ್ರಾ?”

“ಮೇಜಲ್ಲ, ಸಂಬಳ.”

“ಏನ್ರೀ, ಕಮ್ಮಿ ಮಾಡಿ ಅಂತ ನೀವೇ ಕೇಳಿದ್ರಾ? ನೀವಾಗಿ?”

“ಹೂಂ.”

“ಹಾಗಾದ್ರೆ ಅವಳು ಕೊಡ್ಬೇಕು ಅಂತಿದ್ದಿದ್ದು ಇನ್ನೂ ಜಾಸ್ತಿ ಇತ್ತು.”

“ನಿಂಗೆ ಹೇಗೆ ಗೊತ್ತು?”

“ಇಷ್ಟು ವರ್ಷ ತರಕಾರಿ ತಂದಿರೋಳು ನಾನು ತಾನೇ.” ಅವರು ಸ್ವಲ್ಪ ಹೊತ್ತು ಮಂಡಿ ಸವರಿಕೊಂಡರು. “ಹೋಗ್ಲಿ ಬಿಡಿ. ಹೋದ್ರೆ ಹೋಯ್ತು. ಬಡಿಸ್ಕೊಂಡು ಊಟ ಮಾಡಿ, ನಾನಂತೂ ಏಳಲ್ಲ.”

ಮಾಸ್ಟರರು ಎರಡು ಸಲ ಬಡಿಸಿಕೊಂಡು ಉಂಡರಂತೆ.

ಮರುದಿನ ಬೆಳಗ್ಗೆ ನಾನು ಅಂಗಡಿಯ ಬಾಗಿಲು ಎತ್ತುವಾಗ ಅವರು ಬಂದರು. ಬಿಳಿ ಗುಂಡಿ ಬೇಕಿತ್ತು. ನಾನು ಡಬ್ಬಿ ತೆಗೆಯುತ್ತಿದ್ದಾಗ, ಯಾರೂ ಕೇಳದಿದ್ದರೂ, “ಇವತ್ತು ಚಹಾ ನಾನೇ ಮಾಡ್ಕೊಂಡೆ. ನಾನು ಬರೋವಾಗ್ಲೂ ಅವಳು ಎದ್ದೇ ಇರ್ಲಿಲ್ಲ” ಎಂದರು.

“ಹುಷಾರಾಗಿದ್ದಾರೆ ತಾನೇ?”

“ಗೊರಕೆ ಹೊಡೀತಿದ್ಲು” ಎಂದರು ಮಾಸ್ಟರರು, ಲಾಟರಿ ಹೊಡೆದವರಂತೆ ನಗುತ್ತ. ಆಮೇಲೆ ಗುಂಡಿಗಳ ಬೆಲೆ ಕೇಳಿ, ನಾನು ಹೇಳಿದ್ದಕ್ಕೆ ಒಂದು ಕಾಸೂ ಚೌಕಾಸಿ ಮಾಡದೆ ತೆಗೆದುಕೊಂಡು ಬೀದಿ ದಾಟಿ ಹೋದರು.